ಟ್ಯಾಂಕಿನೊಳಗಿಂದ ಬಂದ ಅಂಕಿಗಳು

2018ರಲ್ಲಿ ನನಗೆ ನಲವತ್ತೈದು ವರ್ಷ. ಹಿಂದೂಪುರದ ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದ ಕನ್ನಡ ವಿಭಾಗ ಮುಚ್ಚಿತು. ಸೋಮಂದೇಪಲ್ಲಿಯ ಸಮೀಪದ ಒಂದು ಕಾರ್ಖಾನೆಯಲ್ಲಿ ದಾಖಲೆ ಬರೆಯುವ ಕೆಲಸಕ್ಕೆ ಸೇರಿದೆ. ಸೇರಿದ ವಾರದಲ್ಲೇ, ಬಾಯ್ಲರಿಗೆ ಎಣ್ಣೆ ಒದಗಿಸುವ ದೊಡ್ಡ ಟ್ಯಾಂಕಿಗೆ ಕೆನ್ನೆಯೊತ್ತಿ, ಕಣ್ಣು ಮುಚ್ಚಿ, ಚಿಕ್ಕ ಸುತ್ತಿಗೆಯಿಂದ ಅದನ್ನು ಮೆಲ್ಲನೆ ತಟ್ಟುತ್ತಿದ್ದ ವ್ಯಕ್ತಿಯೊಬ್ಬರನ್ನು ಕಂಡೆ. ಅವರು ಕಲ್ಯಾಣದುರ್ಗದ ತಿಪ್ಪೇಸ್ವಾಮಿ. ಕಾರ್ಖಾನೆಗಳವರು ಕರೆದಾಗ ಬಂದು, ಎಣ್ಣೆ ಸೋರದಂತೆ ಟ್ಯಾಂಕುಗಳನ್ನು ಪರೀಕ್ಷಿಸುವುದು ಅವರ ವೃತ್ತಿ. ದಪ್ಪ ಅಳೆಯುವ ಮೀಟರು ಕುತ್ತಿಗೆಯಲ್ಲಿ ತೂಗುತ್ತಿರುವಾಗ ಕಿವಿಗೇನು ಕೆಲಸವೆಂದು ಕೇಳಿದೆ. "ಮೀಟ್ರು ಇಟ್ಟ ಕಡೆ ಮಾತ್ರ ಹೇಳ್ತದೆ ಮೇಷ್ಟ್ರೇ. ಎಲ್ಲಿ ಇಡ್ಬೇಕು ಅಂತ ಇದು ಹೇಳ್ತದೆ" ಎಂದು ಕಿವಿಯನ್ನು ಮುಟ್ಟಿ ತೋರಿಸಿದರು.

ಬಂದಾಗಲೆಲ್ಲ ಅವರ ಟವೆಲಿನ ತುದಿಯಲ್ಲಿ ಬೇಯಿಸಿದ ಕಡಲೆಕಾಯಿಯ ಗಂಟು ಇರುತ್ತಿತ್ತು. ಬಿಡುವಿನಲ್ಲಿ ಅದನ್ನು ಬಿಚ್ಚಿ, ಮೊದಲ ಹಿಡಿಯನ್ನು ನನ್ನ ರಿಜಿಸ್ಟರಿನ ಮೇಲೆಯೇ ಸುರಿಯುತ್ತಿದ್ದರು. ಹಾಳೆಗೆ ಕಲೆಯಾಗುತ್ತದೆಂದು ನಾನು ಗೊಣಗುವುದು, ಅವರು ನಗುವುದು, ವರ್ಷವರ್ಷವೂ ನಡೆಯಿತು.

ಟ್ಯಾಂಕಿನ ಅಡಿಯನ್ನು ಪರೀಕ್ಷಿಸುವುದು ಸುಲಭವಲ್ಲ. ಎಣ್ಣೆಯನ್ನೆಲ್ಲ ಬರಿದು ಮಾಡಿ, ತೊಳೆದು, ಒಳಗಿನ ಗಾಳಿ ಉಸಿರಾಟಕ್ಕೆ ಯೋಗ್ಯವೆಂದು ಖಚಿತಪಡಿಸಿಕೊಂಡು, ಬುಡದ ದುಂಡು ಬಾಗಿಲಿನಿಂದ ತೆವಳಿ ಒಳಹೋಗಬೇಕು. ಒಂದೊಂದು ತಗಡಿನ ಮೇಲೂ ಐದು ಕಡೆ ನಾಣ್ಯದಷ್ಟಗಲ ತುಕ್ಕು ಕೆರೆದು, ಲೋಹ ಹೊಳೆಯುವಂತಾದ ಮೇಲೆ ಅಲ್ಲಿ ಮೀಟರನ್ನು ಒತ್ತಿ ದಪ್ಪವನ್ನು ಓದಬೇಕು. ಅವರು ಒಳಗಿನಿಂದ ಅಂಕಿಗಳನ್ನು ಕೂಗುತ್ತಿದ್ದರು; ನಾನು ಹೊರಗೆ, ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದೆ. ಪ್ರತಿ ಅಂಕಿಯ ನಂತರ "ಒಪ್ಪಿಸಿ ಮೇಷ್ಟ್ರೇ" ಎನ್ನುತ್ತಿದ್ದರು. ನಾನು ವಿದ್ಯಾರ್ಥಿಯಂತೆ ಅದನ್ನು ಮರಳಿ ಹೇಳಿದ ಮೇಲೆಯೇ ಮುಂದಿನದು. ಪುಟದ ಕೊನೆಯಲ್ಲಿ 'ನನ್ನ ಸಮಕ್ಷಮ ಅಳೆಯಲಾಗಿದೆ' ಎಂದು ಬರೆದು ಸಹಿ ಮಾಡುತ್ತಿದ್ದೆ.

ಮೊದಲ ವರ್ಷವೇ ಅವರು ಒಂದು ತಗಡು ಅಪಾಯಕರವಾಗಿ ಸವೆದಿರುವುದನ್ನು ಕಂಡುಹಿಡಿದರು. ಬಾಯ್ಲರ್ ನಿಲ್ಲಿಸಲಾಗದು, ಈಗ ಸಹಿ ಹಾಕಿ, ಆಮೇಲೆ ನೋಡೋಣವೆಂದು ಮ್ಯಾನೇಜರು ಒತ್ತಾಯಿಸಿದರು. ತಿಪ್ಪೇಸ್ವಾಮಿ ಮರಳಿನ ಗುಡ್ಡೆಯ ಮೇಲೆ ಕುಳಿತು ಕಡಲೆಕಾಯಿ ಸುಲಿಯುತ್ತಲೇ ಉತ್ತರಿಸಿದರು: "ನಾನು ಸಹಿ ಹಾಕಿ ಕಲ್ಯಾಣದುರ್ಗದ ಬಸ್ ಹತ್ಕೊಂಡ್ ಹೊಂಟೋಯ್ತೀನಿ ಸಾರ್. ಗೋಡೆ ಆಚೆ ನೀರು ಕುಡಿಯೋರು ಎಲ್ಲಿಗೋಯ್ತಾರೆ?" ತಗಡು ಬದಲಾಯಿತು. ಇನ್ನು ಮುಂದೆ ಪ್ರತಿವರ್ಷವೂ ಅಡಿಯನ್ನು ಪರೀಕ್ಷಿಸಲೇಬೇಕೆಂಬ ಷರತ್ತನ್ನು ಅವರೇ ಬರೆಸಿದರು. ಇಪ್ಪತ್ತು ವರ್ಷ ತರಗತಿಯಲ್ಲಿ ನಾನು ಹುಡುಕಿದ ಶಿಸ್ತು ಈ ಮನುಷ್ಯನಲ್ಲಿದೆಯೆಂದು ಅಂದು ಹೆಂಡತಿಗೆ ಹೇಳಿದೆ.

ಕೊನೆಯ ಎರಡು ವರ್ಷಗಳಲ್ಲಿ ಅಂಕಿಗಳು ಬೇಗಬೇಗನೆ ಬಂದವು. ಕೆರೆಯುವ ಸದ್ದು ಸ್ವಲ್ಪ ಹೊತ್ತು ಕೇಳಿ ನಿಂತುಹೋಗುತ್ತಿತ್ತು. ನನ್ನ ಪುಟಗಳೋ ಹಿಂದೆಂದೂ ಅಷ್ಟು ಅಂದವಾಗಿರಲಿಲ್ಲ: ಒಂದು ತಿದ್ದುಪಡಿಯಿಲ್ಲ, ಪ್ರತಿಯೊಂದು ತಗಡೂ ಹಿಂದಿನ ವರ್ಷಕ್ಕಿಂತ ಸರಿಯಾಗಿ ಒಂದೇ ಪಾಯಿಂಟ್, ಅಂದರೆ ಮಿಲಿಮೀಟರಿನ ಹತ್ತನೇ ಒಂದರಷ್ಟು, ಸವೆದಿತ್ತು. ಇಬ್ಬರು ಹುಡುಗರ ಉತ್ತರಗಳು ಒಂದೇ ತೆರನಾಗಿದ್ದರೆ ತಕ್ಷಣ ಇಬ್ಬರನ್ನೂ ನಿಲ್ಲಿಸುತ್ತಿದ್ದ ನಾನು, ಆ ಅಚ್ಚುಕಟ್ಟನ್ನು ಮೆಚ್ಚಿ, ದಾಖಲೆಯೆಂದರೆ ಹೀಗಿರಬೇಕೆಂದು ಮ್ಯಾನೇಜರಿಗೆ ತೋರಿಸಿದೆ.

2023ರ ಬೇಸಿಗೆಯಲ್ಲಿ, ಗೋಡೆಯಾಚೆಯ ಹೊಲದ ನಂಜಮ್ಮ ಒಂದು ಚೊಂಬು ನೀರನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಮೇಲೆ ಎಣ್ಣೆಯ ತೆಳು ಪೊರೆ ಹೊಳೆಯುತ್ತಿತ್ತು. "ನಮ್ ಬೋರಿನ ನೀರು ಸಾಮಿ. ದನ ಮೂಸಿ ನೋಡಿ ಮಕ ತಿರುಗಿಸ್ಕೊಂಡ್ವು. ಓದಿದ್ದೋರು ನೀವು, ಕುಡ್ದು ತೋರ್ಸಿ" ಎಂದರು. ನಾನು ರಿಜಿಸ್ಟರನ್ನು ತೆರೆದು, ಟ್ಯಾಂಕು ಸರಿಯಾಗಿದೆಯೆಂದು ಆಕೆಗೆ ಓದಿ ಹೇಳಿದೆ. ಆಕೆ ಚೊಂಬನ್ನು ಅಲ್ಲಿಯೇ ಬಿಟ್ಟು ಹೋದರು.

ಚೊಂಬಿನ ನೀರನ್ನು ನೋಡಿದ ಮ್ಯಾನೇಜರು ಟ್ಯಾಂಕನ್ನು ಬರಿದು ಮಾಡಿಸಿದರು. ಬೇರೆ ಕಡೆಯಿಂದ ಬಂದ ಹೊಸ ಪರೀಕ್ಷಕಿ ಒಳಹೊಕ್ಕು, ಐದೇ ನಿಮಿಷಕ್ಕೆ ನನ್ನನ್ನು ಕರೆದರು. ಐದು ವರ್ಷಗಳಲ್ಲಿ ಮೊದಲ ಸಲ ನಾನು ಆ ಬಾಗಿಲಿನಿಂದ ತೆವಳಿದೆ. ಬಾಗಿಲಿನಿಂದ ಕೈಚಾಚಿದಷ್ಟು ದೂರ ಮಾತ್ರ ಹೊಸದಾಗಿ ಕೆರೆದ ಗುರುತುಗಳಿದ್ದವು. ಅದರಾಚೆಗೆ, ಆಕೆಯ ದೀಪದ ಬೆಳಕು ಬಿದ್ದಲ್ಲೆಲ್ಲ, ಎರಡು ವರ್ಷಗಳ ತುಕ್ಕು ಮುಕ್ಕಾಗದೆ ಹರಡಿತ್ತು. ದೂರದ ಮೂಲೆಯ ತಗಡಿನಲ್ಲಿ ಬೆರಳು ತೂರುವಷ್ಟು ರಂಧ್ರ.

ಕಾರ್ಖಾನೆಯವರು ನಡೆಸಿದ ವಿಚಾರಣೆಗೆ ತಿಪ್ಪೇಸ್ವಾಮಿ ಲಿಖಿತ ಹೇಳಿಕೆ ಕಳುಹಿಸಿದರು. ತಾವು ಅಳೆದದ್ದು ಸರಿಯಾಗಿಯೇ ಇತ್ತೆಂದೂ, ಮೇಷ್ಟರು ಕಚೇರಿಯಿಂದ ಏಳದೆ ಹಿಂದಿನ ವರ್ಷದ ಅಂಕಿಗಳಲ್ಲಿ ಒಂದೊಂದು ಪಾಯಿಂಟ್ ಕಳೆದು ಬರೆದುಕೊಂಡರೆಂದೂ ಅದರಲ್ಲಿತ್ತು. ಅದನ್ನು ಮೂರು ಸಲ ಓದಿದೆ. ಕೆಲಸ ಹೋಗುವುದು ನನಗೆ ಹೊಸದಲ್ಲ. ಸುಳ್ಳು ಬರೆದವನೆನಿಸಿಕೊಂಡು ಹೋಗಲಾರೆನೆಂದು ಕಲ್ಯಾಣದುರ್ಗದ ಬಸ್ಸು ಹತ್ತಿದೆ.

ಅವರು ಜಗಲಿಯ ಮೇಲೆ ಎರಡೂ ಮಂಡಿಗಳಿಗೆ ಪಟ್ಟಿ ಸುತ್ತಿಕೊಂಡು ಕಾಲು ಚಾಚಿ ಕುಳಿತಿದ್ದರು. ಊಟವಾಯಿತೇ ಎಂದು ಕೇಳಿದರು. ನಾನು ಜಗಲಿಯ ತುದಿಯಲ್ಲಿ ಕುಳಿತೆ.

"ಮಂಡಿ ಹೋಗಿ ಎರಡು ವರ್ಸ ಆಯ್ತು" ಎಂದು ಅವರೇ ಆರಂಭಿಸಿದರು. "ಬಾಗ್ಲು ದಾಟೋವಷ್ಟ್ರಲ್ಲಿ ಪ್ರಾಣ ಹೋಯ್ತಿತ್ತು. ಅಲ್ಲೇ ಕುಂತ್ಕೊಂಡು ಹೋದ್ ವರ್ಸದ ಚೀಟಿ ನೋಡಿ, ಒಂದೊಂದು ಪಾಯಿಂಟ್ ಕಳ್ದು ಕೂಗ್ದೆ. ಆಗಲ್ಲ ಅಂತ ಹೇಳಿದ್ರೆ ಇನ್ನೊಂದ್ಸಲ ಯಾರು ಕರೀತಿದ್ರು?"

"ನನ್ನ ಹೆಸರು ಯಾಕೆ ಹೇಳಿದಿರಿ?"

ಅವರು ಪಟ್ಟಿಯ ದಾರ ಎಳೆದರು. "ನೀವು ಬರವಣಿಗೇಲಿ ಗಟ್ಟಿ. ಹೆಂಗೋ ಬರ್ದು ತಪ್ಪಿಸ್ಕೋತೀರ ಅನ್ಕೊಂಡೆ ಮೇಷ್ಟ್ರೇ."

ಸೋಮವಾರ ಬಂದು ನಿಜ ಹೇಳುತ್ತೇನೆಂದರು. ಸೋಮವಾರ ಬೆಳಗಿನಿಂದ ಗೇಟಿನ ಬಳಿ ಕಾದೆ. ಮೂರು ಬಸ್ಸುಗಳು ಬಂದವು, ಅವರು ಬರಲಿಲ್ಲ. ಅವರನ್ನು ಮತ್ತೆ ನೋಡಿಲ್ಲ.

ಅಂದು ಮಧ್ಯಾಹ್ನ ನನ್ನ ಹೇಳಿಕೆಯನ್ನು ಬರೆಯಲು ಕುಳಿತೆ. ಅವರ ಚೀಟಿಯ ವಿಷಯ, ಮಂಡಿಯ ವಿಷಯ ಸಲೀಸಾಗಿ ಬಂದವು. ನನ್ನ ಸಹಿಯ ವಿಷಯಕ್ಕೆ ಬಂದಾಗ ಪೆನ್ನು ನಿಂತಿತು. ನೆರಳಿನಲ್ಲಿ ಕುಳಿತು, ಒಮ್ಮೆಯೂ ಒಳಗೆ ಇಣುಕದೆ, 'ಸಮಕ್ಷಮ' ಎಂದು ಐದು ವರ್ಷ ಬರೆದವನು ನಾನು. ಅದನ್ನೂ ಬರೆದೆ.

ಕಾರ್ಖಾನೆಯವರು ಎಣ್ಣೆ ಹಿಡಿದ ಮಣ್ಣನ್ನು ಅಗೆಸಿ ಸಾಗಿಸಿದರು. ನಂಜಮ್ಮನ ಹೊಲದ ಮೇಲ್ಭಾಗದಲ್ಲಿ ಹೊಸ ಬೋರ್ ಕೊರೆಸಿಕೊಟ್ಟರು. ಆಕೆ ಇಂದಿಗೂ ನನ್ನನ್ನು ಮಾತನಾಡಿಸುವುದಿಲ್ಲ. ತಿಪ್ಪೇಸ್ವಾಮಿಯವರನ್ನು ಇನ್ನು ಪರೀಕ್ಷೆಗೆ ಕರೆಯಬಾರದೆಂದೂ, ಸಾಕ್ಷಿಯಾಗಿ ಸಹಿ ಮಾಡುವ ಅಧಿಕಾರ ನನಗಿನ್ನು ಇಲ್ಲವೆಂದೂ ಒಂದೇ ಹಾಳೆಯಲ್ಲಿ ಆದೇಶವಾಯಿತು. ಅವರ ಹೆಸರಿನ ಕೆಳಗೆ ನನ್ನ ಹೆಸರು. ಆ ಹಾಳೆ ನನ್ನ ಕೈಸೇರಿದ್ದು 2023ರ ನವೆಂಬರ್ 14, ಮಂಗಳವಾರ.