ಕಾಕೂನ ಉಗುರಂಚಿನ ಕಪ್ಪು

ಗೋಕಾಕದ ನಮ್ಮ ಬಾಜೂ ಮನೆಯ ಕಾಕೂಗೆ ಕೀಲುವಾತ. ಸೊಟ್ಟ ಬೆರಳಲ್ಲೇ ಗುರೆಳ್ಳು ಚಟ್ನಿ ಕುಟ್ಟುತ್ತಿದ್ದಳು. ನೋವಾಗುತ್ತಾ ಎಂದರೆ, “ಇರ್ಲಿ ಬಿಡೋ, ಹಳೇ ಗೆಳತಿ” ಎನ್ನುತ್ತಿದ್ದಳು.

ನಾನು ಓಣಿಯವರ ದನಿ, ನಡಿಗೆಯನ್ನೆಲ್ಲ ಅಣಕಿಸುವವನು. ಕನ್ನಡಿಯಲ್ಲಿರುವ ಮಂಗನನ್ನೂ ಬಿಟ್ಟವನಲ್ಲ. ಒಂದು ದಿನ ಅವಳ ಬೆರಳುಗಳನ್ನು ಅಣಕಿಸಲೆಂದೇ ಹತ್ತಿರ ಕೂತು ನೋಡಿದೆ. ಉಗುರಂಚಿನಲ್ಲಿ ಸಣ್ಣ ಕಪ್ಪು ಚುಕ್ಕೆಗಳಿದ್ದವು.

“ಕೈ ತೊಳ್ಕೋ ಕಾಕೂ, ಚಟ್ನಿ ಹತ್ತೈತಿ.”

“ತಿಕ್ಕಿ ತಿಕ್ಕಿ ತೊಳದೇನೋ, ಹೋಗವಲ್ದು.”

ಮುಟ್ಟಿ ನೋಡಿದೆ. ಕಪ್ಪು ಚರ್ಮದೊಳಗಿತ್ತು. ಮರುದಿನವೇ ಘಟಪ್ರಭಾದ ದವಾಖಾನೆಗೆ ಕರೆದೊಯ್ದೆ.

ಡಾಕ್ಟರು ಪರೀಕ್ಷಿಸಿ ಹೇಳಿದರು: “ವಾತದ ಉರಿಯೂತ ರಕ್ತನಾಳಕ್ಕ ಇಳ್ಯಾಕತ್ತೈತ್ರಿ, ಅದಕ್ಕ ಈ ಕಪ್ಪು ಚುಕ್ಕಿ. ಲಗೂ ಬಂದೀರಿ, ಔಷಧ ಐತಿ. ತಡಾ ಆಗಿದ್ರ ಬೆರಳ ಕಳ್ಕೋತಿದ್ರಿ.”

ಹೊರಗೆ ಬಂದ ಕಾಕೂ, “ಡಾಕ್ಟರ್ ಹೆಂಗ ಅಂದ್ರು, ಮಾಡಿ ತೋರ್ಸು” ಎಂದಳು.

ಬಾಯಿ ತೆರೆದೆ. ಡಾಕ್ಟರದಲ್ಲ, ನನ್ನದೇ ದನಿ ಬಂತು.