ನಿಮಗೆ ಬಂದ ಟೊಪ್ಪಿ

ಆ ಫೋಟೋದಲ್ಲಿರುವುದು ನಾನೇ ಎಂದು ತಲೆಯಾಡಿಸಿದೆ, ಸಂಜೀವಣ್ಣ. ಅಲ್ಲಿ ಬಾಯಿ ಬಿಟ್ಟು ಸುಳ್ಳು ಹೇಳಲಿಲ್ಲ — ಬರೀ ತಲೆಯಾಡಿಸಿದೆ. ಆದರೆ ಊರಿಗೆ ಬಂದು ನಿಮ್ಮೆದುರು ಹೇಳಿದ್ದು ಬಾಯಿ ಬಿಟ್ಟು ಹೇಳಿದ ಸುಳ್ಳೇ. ಮೊದಲನೆಯದನ್ನು ಕಳ್ಳತನ ಅನ್ನಬಹುದು. ಎರಡನೆಯದಕ್ಕೆ ಏನು ಹೆಸರಿಡಬೇಕೋ ನನಗೆ ಈಗಲೂ ತಿಳಿದಿಲ್ಲ.

ಫೋಟೋ ಕೊಟ್ಟವರು ನೀವೇ. ಪುಂಜಾಲಕಟ್ಟೆಯಲ್ಲಿ ನಮ್ಮ ತಂದೆಯ ದಿನಸಿ ಅಂಗಡಿ. ನೀವು ಅಲ್ಲೇ ಹತ್ತಿರದ ದೊಡ್ಡ ಜಮೀನುದಾರರ ಗುತ್ತಿನ ಮನೆಯ ಕಂಬಳದ ಕೋಣಗಳನ್ನು ನೋಡಿಕೊಳ್ಳುತ್ತಿದ್ದವರು, ಓಡಿಸುತ್ತಿದ್ದವರು. ಕೋಣಗಳ ಹುರುಳಿ ನಮ್ಮ ಅಂಗಡಿಯಿಂದಲೇ ಹೋಗುತ್ತಿತ್ತು. ಕಲ್ಲು ಸಿಕ್ಕಿದರೆ ನೀವು ಬಂದು ಜಗಳಾಡುತ್ತಿದ್ದಿರಿ — ನಿಮ್ಮ ಊಟದ ಅಕ್ಕಿಯಲ್ಲಿ ಕಲ್ಲು ಸಿಕ್ಕಿದಾಗ ಒಂದು ದಿನವೂ ಬಂದವರಲ್ಲ.

ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ದುಬೈಯಲ್ಲಿ ಒಬ್ಬ ಅರಬಿಯ ಮನೆಯಲ್ಲಿ ಅಡುಗೆಗೆ ಇದ್ದೆ. ಆ ವರ್ಷ ಯಜಮಾನರ ಕುಟುಂಬ ಬೇಸಗೆ ಕಳೆಯಲು ಅಮೆರಿಕದ ವಯೋಮಿಂಗಿಗೆ, ಕೌಬಾಯ್‌ಗಳ ದನದ ಫಾರ್ಮಿಗೆ ಹೊರಟಿತ್ತು. ಹಲಾಲ್ ಅಡುಗೆಗೆ ನಾನೂ ಬೇಕಾಗಿತ್ತು. ರಜೆಯಲ್ಲಿ ಬಂದು ಈ ಸುದ್ದಿ ಹೇಳಿದಾಗ ನನಗಿಂತ ಹೆಚ್ಚು ಖುಷಿಪಟ್ಟವರು ನೀವು. ಮರುದಿನವೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋಟೋ ತಂದಿರಿ.

"ಅವರೂ ನಮ್ಮ ಹಾಗೆ ಪ್ರಾಣಿಗಳ ಒಟ್ಟಿಗೇ ಬದುಕುವವರಂತೆ. ಇದನ್ನು ತೋರಿಸು ಮಾರಾಯ. ಏನು ಹೇಳ್ತಾರೆ ಕೇಳಿಕೊಂಡು ಬಾ. ಒಳ್ಳೆಯದೇ ಹೇಳಬೇಕು ಅಂತ ಇಲ್ಲ. ಇದ್ದದ್ದು ಹೇಳು, ಸಾಕು."

ಯಾಕೆ ಕೇಳುತ್ತಿದ್ದೀರಿ ಎಂದು ನನಗೆ ಗೊತ್ತಿತ್ತು. ಕೆಸರಿನಲ್ಲಿ ಓಡುವವನಿಗೆ ಎಲ್ಲಿಯ ಮರ್ಯಾದೆ ಎಂದು ನಿಮ್ಮ ಹೆಂಡತಿಯ ಅಣ್ಣ ಬಿ.ಸಿ.ರೋಡಿನ ಗೋದಾಮಿನಲ್ಲಿ ನಿಮಗೊಂದು ಕೆಲಸ ನೋಡಿಟ್ಟಿದ್ದರು. ಹೋಗುವುದೋ ಬಿಡುವುದೋ ಎಂದು ನೀವು ತೂಗಿ ನೋಡುತ್ತಿದ್ದಿರಿ. ಗೊತ್ತಿದ್ದೂ — ಗೊತ್ತಿದ್ದೇ —

ಮೂಡುಬಿದಿರೆ ಕಂಬಳದ ಫೋಟೋ ಅದು. ಎರಡು ಕೋಣ, ಎರಡೂ ಬದಿಗೆ ಎದ್ದ ನೀರು, ಹಿಂದೆ ನೆಲಕ್ಕೆ ಕಾಲೇ ತಾಗದಂತೆ ಓಡುತ್ತಿರುವ ನೀವು. ತಲೆಯಿಂದ ಗಲ್ಲದವರೆಗೆ ಕೆಸರು. ಮುಖ ಯಾರದೆಂದು ಹೆತ್ತ ತಾಯಿಗೂ ಹೇಳಲಾಗದು.

ಆ ಫಾರ್ಮಿನಲ್ಲಿ ಕೌಬಾಯ್ ಅಂದರೆ ಕೋವಿ ಹಿಡಿದವನಲ್ಲ. ಬೆಳಕು ಹರಿಯುವ ಮೊದಲು ಎದ್ದು ಕುದುರೆಯ ಗೊರಸು ಎತ್ತಿ ನೋಡುವವನು, ಬೇಲಿ ಸರಿಮಾಡುವವನು, ಹಗ್ಗ ಬೀಸಿ ಕರುವನ್ನು ಕೆಡವಿ ಗುರುತಿನ ಬರೆ ಹಾಕುವವನು. ಸುಟ್ಟ ಕೂದಲಿನ ವಾಸನೆ ನನ್ನ ಅಡುಗೆಮನೆಯವರೆಗೂ ಬರುತ್ತಿತ್ತು. ಅವರಲ್ಲಿ ಹಿರಿಯ, ಕಾರ್ಲ್ ಎಂಬವನು, ಒಂದು ಕಾಲು ಎಳೆದುಕೊಂಡು ನಡೆಯುತ್ತಿದ್ದ. ಕುದುರೆಯ ಕಿವಿಯಲ್ಲಿ ಏನೋ ಹೇಳಿಯೇ ಹತ್ತುತ್ತಿದ್ದ. ನೀವು ಎಣ್ಣೆ ಹಚ್ಚುವಾಗ ಕೋಣಗಳ ಹತ್ತಿರ ಮಾತಾಡುತ್ತಿದ್ದಿರಲ್ಲ, ಹಾಗೆಯೇ. ಅದನ್ನು ನೋಡಿದಾಗಲೆಲ್ಲ ನೀವು ಇಲ್ಲಿರಬೇಕಿತ್ತು ಅನಿಸುತ್ತಿತ್ತು. ಇದು ಸತ್ಯ.

ಯಜಮಾನರ ಮಕ್ಕಳಿಗೆ ಕುದುರೆ ಸವಾರಿ, ಹಗ್ಗ ಬೀಸುವ ಪಾಠ. ನಾನು ಮಾಂಸ ಕೊಚ್ಚುತ್ತಾ ಕಿಟಕಿಯಿಂದ ನೋಡುತ್ತಿದ್ದೆ. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ನನ್ನ ಹೆಸರು ಯಾರೂ ಕೇಳಲೂ ಇಲ್ಲ.

ಒಂದು ಸಂಜೆ ಕೌಬಾಯ್‌ಗಳು ಊಟಕ್ಕೆ ಕೂತಿದ್ದಾಗ ಫೋಟೋ ತೆಗೆದು ಕಾರ್ಲ್‌ನ ಕೈಗೆ ಕೊಟ್ಟೆ. ಅವನು ಚಮಚ ಕೆಳಗಿಟ್ಟ. ಕನ್ನಡಕ ಹಾಕಿಕೊಂಡ. ಬರಿಗಾಲಾ, ಎಂದ. ಹೌದು ಎಂದೆ. ಬಿದ್ದರೆ, ಎಂದ. ಬಿದ್ದರೂ ಹಗ್ಗ ಬಿಡುವುದಿಲ್ಲ ಎಂದೆ. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಬಂದು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಆಮೇಲೆ ಕಾರ್ಲ್ ತಲೆಯೆತ್ತಿ ನನ್ನನ್ನು ನೋಡಿದ — ಅಷ್ಟು ದಿನದಲ್ಲಿ ಮೊದಲ ಸಲ ಸರಿಯಾಗಿ ನೋಡಿದ — "ಇದು ನೀನಾ?" ಎಂದು ಕೇಳಿದ.

ಅಲ್ಲ ಅನ್ನಲು ಎಷ್ಟು ಹೊತ್ತು ಬೇಕು?

ಮರುದಿನದಿಂದ ಎಲ್ಲರ ಬಾಯಲ್ಲೂ ಹಮೀದ್, ಹಮೀದ್. ನನ್ನನ್ನು ಕುದುರೆ ಹತ್ತಿಸಿದರು, ಹಗ್ಗ ಕೈಗೆ ಕೊಟ್ಟರು. ಹೊರಡುವ ದಿನ ಕಾರ್ಲ್ ತನ್ನ ಬೂದು ಟೊಪ್ಪಿಯನ್ನು, ಒಳಗೆ ಬೆವರಿನ ಕಲೆ ಇದ್ದದ್ದನ್ನೇ, ನನ್ನ ತಲೆಯ ಮೇಲಿಟ್ಟ. ಕೋಣಗಳ ಹಿಂದೆ ಓಡಿದವನಿಗೆ ಇದು, ಎಂದ. ಟೊಪ್ಪಿ ನನಗೆ ದೊಡ್ಡದಾಯಿತು. ಕಣ್ಣಿನವರೆಗೆ ಇಳಿಯಿತು. ಒಳಪಟ್ಟಿಗೆ ಪೇಪರ್ ಮಡಚಿ ತುರುಕಿಕೊಂಡೆ.

ಊರಿಗೆ ಬಂದಾಗ ನೀವು ಅಂಗಡಿಯ ಜಗಲಿಯಲ್ಲಿ ಕಾಯುತ್ತಿದ್ದಿರಿ.

"ತೋರಿಸಿದೆಯಾ?"

ನನ್ನ ಕೈಯಲ್ಲಿ ಟೊಪ್ಪಿ ಇತ್ತು. ಇದ್ದದ್ದು ಹೇಳಿದರೆ ಟೊಪ್ಪಿಯ ಕಥೆಯನ್ನೂ ಹೇಳಬೇಕಾಗುತ್ತಿತ್ತು.

"ತೋರಿಸಿದೆ ಸಂಜೀವಣ್ಣ. ನಗಾಡಿದರು. ಅವರಿಗೆ ಇದೆಲ್ಲ ತಮಾಷೆ."

ತೋರಿಸಲು ಸಮಯವಾಗಲಿಲ್ಲ ಎನ್ನಬಹುದಿತ್ತು. ಫೋಟೋ ಕಳೆದುಹೋಯಿತು ಎನ್ನಬಹುದಿತ್ತು. ಅಷ್ಟು ಸುಳ್ಳುಗಳಿದ್ದೂ ಇದನ್ನೇ ಯಾಕೆ ಆರಿಸಿದೆ? ನಿಮಗೆ ಸಲ್ಲಬೇಕಾದ್ದು ನನ್ನ ಕೈಯಲ್ಲಿತ್ತು. ನೀವು ಸಣ್ಣವರಾದರೆ ಮಾತ್ರ ಅದು ನನ್ನದಾಗಿ ಉಳಿಯುತ್ತಿತ್ತು. ಈಗ ಹೀಗೆ ಅನಿಸುತ್ತದೆ. ಆಗ ಏನೂ ಅನಿಸಲಿಲ್ಲ.

ನೀವು ಫೋಟೋ ತೆಗೆದುಕೊಂಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯ ಒಳಗಿಟ್ಟಿರಿ. "ಹೌದು, ಪರವಾಗಿಲ್ಲ. ನೀನು ನೋಡಿ ಬಂದವ, ಇದ್ದದ್ದು ಹೇಳಿದೆ" ಎಂದಿರಿ. ಆ ವರ್ಷದ ಕಂಬಳ ಶುರುವಾಗುವ ಮೊದಲೇ ಗೋದಾಮಿಗೆ ಸೇರಿದಿರಿ.

ಮುಂದಿನ ರಜೆಯಲ್ಲಿ ಮೂಡುಬಿದಿರೆಗೆ ಹೋಗಿದ್ದೆ. ನಿಮ್ಮ ಕೋಣಗಳು ಬೇರೆಯವನ ಕೈಯಲ್ಲಿ ಓಡಿದವು. ಮೈಕಿನಲ್ಲಿ ಗುತ್ತಿನ ಮನೆಯ ಹೆಸರು ಹೇಳಿ, ಆಮೇಲೆ ಓಡಿಸಿದವನ ಹೆಸರು ಹೇಳಿದರು. ಪಕ್ಕದವನ ಹತ್ತಿರ ಕಡಲೆಕಾಯಿ ಇಸಕೊಂಡು ತಿಂದೆ.

ನನ್ನ ಹೊಸ ಮನೆಯ ಒಕ್ಕಲಿಗೆ ನೀವು ಬಂದಿರಿ. ಶೋಕೇಸಿನಲ್ಲಿದ್ದ ಟೊಪ್ಪಿಯನ್ನು "ಒಮ್ಮೆ ಹಾಕಿ ನೋಡುವುದಾ?" ಎಂದು ಕೇಳಿದಿರಿ. ಒಳಗಿದ್ದ ಪೇಪರಿನಿಂದಾಗಿ ಅದು ನಿಮ್ಮ ತಲೆಯ ಮೇಲೆ ಎತ್ತರಕ್ಕೆ ನಿಂತಿತು. ಮಕ್ಕಳು ನಕ್ಕರು. ನಾನೂ ನಕ್ಕೆ. ನೀವು ತೆಗೆದು ಮೇಜಿನ ಮೇಲಿಟ್ಟಾಗ, "ಹಾಗೆ ಇಡಬಾರದು ಸಂಜೀವಣ್ಣ, ಮಗುಚಿ ಇಡಬೇಕು, ಇಲ್ಲದಿದ್ದರೆ ಅಂಚು ಹಾಳಾಗ್ತದೆ" ಎಂದು ಎಲ್ಲರೆದುರು ಕಲಿಸಿಕೊಟ್ಟೆ. ನೀವು ಮಗುಚಿ ಇಟ್ಟಿರಿ.

ಈಗ ನಾನು ದುಬೈ ಬಿಟ್ಟು ಬಂದು ಊರಲ್ಲೇ ಇದ್ದೇನೆ. ಮೊನ್ನೆ ಬಿ.ಸಿ.ರೋಡಿನಲ್ಲಿ ಸಿಕ್ಕಿದಿರಿ. ಹೆಗಲ ಮೇಲಿನ ಗೋಣಿ ಇಳಿಸಿ ಜೊತೆಯವರಿಗೆ ನನ್ನನ್ನು ತೋರಿಸಿದಿರಿ. "ನಮ್ಮ ಹಮೀದ್. ಕೌಬಾಯ್‌ಗಳ ಒಟ್ಟಿಗೆ ಇದ್ದು ಬಂದವ" ಎಂದಿರಿ. ಹೆಮ್ಮೆಯಿಂದ ಎಂದಿರಿ. ನನಗೆ ನಾಚಿಕೆಯಾಗಬೇಕಿತ್ತು, ಕಣ್ಣಲ್ಲಿ ನೀರು ಬರಬೇಕಿತ್ತು. ಏನೂ ಬರಲಿಲ್ಲ. ಚಾ ಕುಡಿದು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕೂತ ಮೇಲೆ ಹೆದರಿಕೆಯಾಯಿತು — ಇಷ್ಟು ವರ್ಷ ಮುಚ್ಚಿಟ್ಟು ಮುಚ್ಚಿಟ್ಟು ನನ್ನೊಳಗೆ ಏನೋ ಮರಗಟ್ಟಿ ಹೋಗಿದೆಯೆಂದು.

ಆದ್ದರಿಂದ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಟೊಪ್ಪಿಯ ಒಳಗಿನ ಪೇಪರ್ ತೆಗೆದಿದ್ದೇನೆ. ತೆಗೆದುಕೊಳ್ಳುವುದು, ಬಿಸಾಡುವುದು, ನನ್ನನ್ನು ಅಂಗಳದಿಂದಲೇ ಕಳಿಸುವುದು — ಎಲ್ಲ ನಿಮ್ಮ ಇಷ್ಟ. ನಿಮ್ಮ ಓಟವನ್ನು ಹಿಂದೆ ಕೊಡಲು ನನ್ನಿಂದ ಆಗುವುದಿಲ್ಲ. ನೀವು ಕೇಳಿಕೊಂಡು ಬಾ ಎಂದದ್ದಕ್ಕೆ ಉತ್ತರ ಮಾತ್ರ ನನ್ನ ಹತ್ತಿರ ಉಂಟು. ಅದನ್ನು ನಿಮ್ಮ ಹೆಂಡತಿ, ಮಕ್ಕಳ ಎದುರೇ ಹೇಳುತ್ತೇನೆ.

ಅವರು ನಗಲಿಲ್ಲ, ಸಂಜೀವಣ್ಣ. ಒಬ್ಬನೂ ನಗಲಿಲ್ಲ.