ಸೀರೆಯ ಇನ್ನೊಂದು ತುದಿ

ನಂಬದವರು ಇಲ್ಲಿಗೇ ನಿಲ್ಲಿಸಬಹುದು, ನನಗೇನೂ ಬೇಸರವಿಲ್ಲ. ಎರಡೂ ಕೈಯಲ್ಲಿ ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದ ಸಂಗತಿಯನ್ನು "ಭ್ರಮೆ" ಎನ್ನುವವರ ಜೊತೆ ವಾದ ಮಾಡಲು ಪುರಸೊತ್ತಿಲ್ಲ.

ನಾವಿರುವುದು ಕುವೈತಿನ ಅಹ್ಮದಿಯಲ್ಲಿ, ಕಂಪನಿ ಕೊಟ್ಟ ಹಳೆಯ ಮನೆಯಲ್ಲಿ. ಗಂಡ ಸುಕೇಶ ಟೆಕ್ನಿಷಿಯನ್. ಮಗಳು ಆದ್ಯಾಳಿಗೆ ಏಳು ವರ್ಷ, ಧೂಳು ಎದ್ದರೆ ಉಬ್ಬಸ. "ಇನ್ನೊಮ್ಮೆ ಹೀಗಾದ್ರೆ ನಿಮ್ಮಿಬ್ಬರಿಗೂ ಟಿಕೆಟ್ ಮಾಡಿಸ್ತೇನೆ, ಊರಿಗೆ ಹೋಗಿ" ಎಂದು ಇವರು ಖಡಾಖಂಡಿತ ಹೇಳಿಬಿಟ್ಟಿದ್ದರು. ವರ್ಷಕ್ಕೊಮ್ಮೆ ಬರುವ ಗಂಡನಿಗಾಗಿ ಫೋನ್ ಹಿಡಿದು ಕೂರುವ ಸಂಸಾರ ನನಗೆ ಬೇಡ. ನನ್ನ ಅಮ್ಮ ಅದನ್ನೇ ಮಾಡಿ ಮುದುಕಿಯಾದಳು.

ಇದನ್ನು ಹೇಳಿದಾಗ, ಇಲ್ಲೇ ಕುವೈತಿನ ಹವಲ್ಲಿಯಲ್ಲಿರುವ ನಮ್ಮ ಊರ ಕಡೆಯ ಗಿರಿಜಕ್ಕ ನಕ್ಕಿದ್ದರು. ಅಹ್ಮದಿಗೆ ಮೊದಮೊದಲು ಬಂದ ನಮ್ಮ ಕಡೆಯ ಹೆಂಗಸರಲ್ಲಿ ಅವರ ಅತ್ತೆಯೂ ಒಬ್ಬರು.

"ಆಗ ಎಂತ ಏಸಿ ಮಾರಾಯ್ತಿ! ನೀರೂ ಲಾರಿಯಲ್ಲಿ ಬರ್ಬೇಕು. ಧೂಳು ಬಂತೂಂದ್ರೆ ನೂಲಿನ ಸೀರೆ ಒದ್ದೆ ಮಾಡಿ ಕಿಟಕಿಗೆ ಕಟ್ಟುದು. ಗಂಡಸರೆಲ್ಲ ಡ್ಯೂಟಿಯಲ್ಲಿ. ಒಬ್ಳೇ ಸೀರೆ ಹಿಂಡ್ಲಿಕ್ಕೆ ಆಗ್ತದಾ? 'ಒಂದು ತುದಿ ಹಿಡೀರಿ' ಅಂತ ಕೂಗಿದ್ರೆ ಪಕ್ಕದವಳು ಓಡಿ ಬರ್ಬೇಕು. ಅದು ಅವರ ಕಟ್ಟಳೆ."

ಕಳೆದ ಬೇಸಿಗೆಯ ಒಂದು ರಾತ್ರಿ. ಇವರು ನೈಟ್ ಶಿಫ್ಟಿನಲ್ಲಿದ್ದರು. ಸಂಜೆಯಿಂದಲೇ ಆಕಾಶ ಕೆಂಪಾಗಿತ್ತು... ಊಟ ಮುಗಿಸುವಷ್ಟರಲ್ಲಿ ಗಾಳಿ ಬಾಗಿಲಿಗೆ ಗುದ್ದತೊಡಗಿತು. ಕರೆಂಟ್ ಹೋಯಿತು. ಮನೆಯೆಲ್ಲ ಸುಟ್ಟ ಮಣ್ಣಿನ ವಾಸನೆ. ಹಳೆಯ ಕಿಟಕಿಗಳ ಸಂದಿನಿಂದ ಧೂಳು ಇಳಿಯುತ್ತಲೇ ಇತ್ತು.

ಆದ್ಯಾಳ ಎದೆ ಸುಂಯ್ ಎನ್ನತೊಡಗಿತು. ಇನ್ಹೇಲರ್ ಕೊಟ್ಟು, ಒಳಗಿನ ಕೋಣೆಯಲ್ಲಿ ದಿಂಬಿಗೆ ಒರಗಿಸಿ ಕೂರಿಸಿದೆ. ಹೊರಗೆ ಕಾರಿನ ಬಾನೆಟ್ ಸಹ ಕಾಣದು, ಆಸ್ಪತ್ರೆಗೆ ಹೋಗುವುದು ಹೇಗೆ? ಗಿರಿಜಕ್ಕನ ಮಾತು ನೆನಪಾಯಿತು. ಎರಡು ನೂಲಿನ ಸೀರೆ ಎಳೆದುಕೊಂಡು, ಹಿಂದುಗಡೆಯ ಬಟ್ಟೆ ಒಗೆಯುವ ಕೋಣೆಗೆ ಓಡಿ ಬಕೆಟ್ಟಿನಲ್ಲಿ ಅದ್ದಿದೆ.

ಒದ್ದೆ ಸೀರೆ ಮಣಭಾರ. ಹಿಂಡಲು ಹೋದರೆ ಕೈಯಿಂದ ಜಾರುತ್ತದೆ. ಮೊಬೈಲಿನ ಬೆಳಕೂ ಆರಿತು. ಒಳಗೆ ಮಗು ಕೆಮ್ಮುತ್ತಿದೆ. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಕತ್ತಲಿಗೇ ಕೂಗಿದೆ, "ಯಾರಾದ್ರೂ ಒಂದು ತುದಿ ಹಿಡೀರಿ ಮಾರಾಯ್ರೆ!"

ಸೀರೆ ಬಿಗಿಯಾಯಿತು.

ಆದ್ಯಾ ಎದ್ದು ಬಂದಳೆಂದುಕೊಂಡೆ. "ಗಟ್ಟಿ ಹಿಡಿ ಮಗಾ" ಎಂದು ಬಲಕ್ಕೆ ತಿರುಚಿದೆ. ಆ ಕಡೆಯವರು ಎಡಕ್ಕೆ ತಿರುಚಿದರು, ಅಭ್ಯಾಸವಿದ್ದವರ ಹಾಗೆ... ನೀರು ಧಾರೆಯಾಗಿ ಸುರಿಯಿತು. ಗಾಜಿನ ಬಳೆಗಳ ಸದ್ದು. ನನ್ನ ಮಗಳು ಬಳೆ ಹಾಕುವುದಿಲ್ಲ.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಅವಳ ದನಿ ಕೇಳಿತು. "ಮಮ್ಮಾ... ಹೂ ಈಸ್ ವಿತ್ ಯೂ?"

ಸೀರೆ ಹಿಂಡಿದವರಿಗೆ ಗೊತ್ತು, ತಿರುಚಿದಷ್ಟೂ ಅದು ಗಿಡ್ಡವಾಗುತ್ತದೆ, ಹಿಡಿದವರಿಬ್ಬರೂ ಹತ್ತಿರ ಬರುತ್ತಾರೆ. ಸೀಮೆಎಣ್ಣೆ, ಕೊಬ್ಬರಿಎಣ್ಣೆ ಬೆರೆತ ವಾಸನೆ ಮೂಗಿಗೆ ಬಡಿಯಿತು. ಯಾರದೋ ಏದುಸಿರು ನನ್ನ ಮುಖಕ್ಕೇ ತಾಗುತ್ತಿತ್ತು. ಕಾಲು ಓಡು ಎನ್ನುತ್ತಿತ್ತು. ಓಡಿದರೆ ಮಗುವಿನ ಕಿಟಕಿಗೆ ಕಟ್ಟುವುದೇನನ್ನು?

"ನೀವು ಯಾರೇ ಆಗಿರಿ, ನಾನು ಬಿಡುವುದಿಲ್ಲ" ಎಂದೆ. "ಇನ್ನೊಂದೂ ಉಂಟು, ಹಿಡೀರಿ."

ಎರಡನೆಯದನ್ನೂ ಹಿಂಡಿದೆವು. ಹೌದು, ಹಿಂಡಿದೆವು ಎಂದೇ ಹೇಳುತ್ತೇನೆ. ನಾನು ಸೀರೆಗಳನ್ನು ಎತ್ತಿಕೊಂಡು ಒಂದೇ ಓಟಕ್ಕೆ ಒಳಗೆ ಬಂದು ಕಿಟಕಿಗಳಿಗೆ ಕಟ್ಟಿದೆ. ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಆದ್ಯಾಳ ಉಸಿರು ಹದಕ್ಕೆ ಬಂತು, ನಿದ್ದೆ ಹೋದಳು.

ಬೆಳಿಗ್ಗೆ ಇವರು ಬಂದು ಮಗಳ ಎದೆಗೆ ಕಿವಿಯಿಟ್ಟು ನೋಡಿದರು. ಟಿಕೆಟಿನ ಮಾತು ಅಲ್ಲಿಗೇ ಖಲಾಸ್.

ಗಿರಿಜಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ.

"ಕೆಲಸ ಆದ ಮೇಲೆ 'ಸಾಕು' ಅಂತ ಹೇಳಿದ್ಯಾ?"

"ಇಲ್ಲ. ಯಾಕೆ?"

"ಕರೆದವಳು 'ಸಾಕು, ಇನ್ನು ನಿಮ್ಮ ಮನೆ ನೋಡಿಕೊಳ್ಳಿ' ಅನ್ಬೇಕು. ಅಲ್ಲಿವರೆಗೆ ಬಂದವಳು ಹೋಗುವ ಹಾಗಿಲ್ಲ. ಅದೂ ಕಟ್ಟಳೆಯೇ... ಈಗಲೇ ಹೇಳಿಬಿಡು ಮಗಾ."

ಇವತ್ತಿನವರೆಗೂ ಹೇಳಿಲ್ಲ. ಗಾಳಿ ಎದ್ದ ರಾತ್ರಿಗಳಲ್ಲಿ ಹಿಂದುಗಡೆ ಬಳೆ ಸದ್ದಾಗುತ್ತದೆ, ಒಣಗಿದ್ದ ಬಕೆಟ್ಟಿನಲ್ಲಿ ಬೆಳಿಗ್ಗೆ ನೀರಿರುತ್ತದೆ. ಇವರೂ ಕೇಳಿಸಿಕೊಂಡಿದ್ದಾರೆ. "ಒಂದು ಮಾತು ಹೇಳಿ ಮುಗಿಸು" ಎಂದು ಬೇಡುತ್ತಾರೆ. ನನಗೆ ಹೆದರಿಕೆ ಇಲ್ಲವೆಂದಲ್ಲ. ಸೂರ್ಯ ಮುಳುಗಿದ ಮೇಲೆ ಆ ಕೋಣೆಯ ಬಾಗಿಲು ದಾಟುವಾಗ ಈಗಲೂ ಬೆವರುತ್ತೇನೆ.

ಆದರೆ ಆ ರಾತ್ರಿಯಿಂದೀಚೆಗೆ ನನ್ನ ಮಗಳಿಗೆ ಒಮ್ಮೆಯೂ ಉಬ್ಬಸ ಬಂದಿಲ್ಲ. ಸಾಕು ಎಂದು ನಾನೇಕೆ ಹೇಳಲಿ?